ಗುರವ್ವನಿಗೊಂದು ಅಪ್ಪಣೆ

ಬೈಲಹೊಂಗಲದ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮಧು ಯಾರಿಗೂ ಏನನ್ನೂ ಮಾಡೆಂದು ಹೇಳಿದವಳಲ್ಲ. ಹೇಳಿಸಿಕೊಂಡದ್ದು ಮಾತ್ರ ಬೇಕಾದಷ್ಟಿತ್ತು. ಬೆಳಿಗ್ಗೆ ಹಾಲು ಕಾಸು ಎಂಬಲ್ಲಿಂದ ಹಿಡಿದು ಹಿತ್ತಲ ಬಾಗಿಲಿಗೆ ಅಗಳಿ ಹಾಕು ಎಂಬಲ್ಲಿಯವರೆಗೆ ಅತ್ತೆ ಗುರವ್ವ ಹೇಳುತ್ತಲೇ ಇರುತ್ತಿದ್ದಳು. ಗುರವ್ವ ಕೆಟ್ಟವಳೇನಲ್ಲ, ಆಕೆಗೆ ಹೇಳುವುದೊಂದು ಚಟ ಅಷ್ಟೇ. ಗಂಡ ತೀರಿಕೊಂಡ ಮೇಲೆ ಮನೆ, ಎಮ್ಮೆ, ಮಗ ಶ್ರೀಶೈಲನ ಬೀಜದ ಅಂಗಡಿ ಎಲ್ಲವನ್ನೂ ಹೇಳಿ ಹೇಳಿಯೇ ನಡೆಸಿದವಳು. ಆಕೆ ಅಂಗಳಕ್ಕೆ ಬಂದು ಒಮ್ಮೆ ಕೆಮ್ಮಿದರೆ ಓಣಿಯ ನಾಯಿಗಳೂ ಎದ್ದು ದಾರಿ ಬಿಡುತ್ತಿದ್ದವು.

ಇಂಥ ಮನೆಯಲ್ಲಿ ಮಧು ಸ್ಪ್ಯಾನಿಶ್ ಭಾಷೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಕಿತ್ತೂರಿನ ತವರುಮನೆಯಿಂದ ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬಿ.ಎ. ಓದುವಾಗ ಅದನ್ನು ಜೊತೆಗೆ ಕಲಿತಿದ್ದಳು. ಯಾಕೆ ಕಲಿತೆ ಎಂದು ಯಾರಾದರೂ ಕೇಳಿದರೆ ಘನವಾದ ಉತ್ತರವೇನೂ ಅವಳ ಬಳಿ ಇರಲಿಲ್ಲ. ಸಂಜೆಯ ಬಸ್ಸು ಬರುವವರೆಗೆ ಎಲ್ಲಾದರೂ ಕೂರಬೇಕಿತ್ತು, ಆ ಕ್ಲಾಸಿನಲ್ಲಿ ಫ್ಯಾನ್ ಇತ್ತು. ಫ್ಯಾನಿನ ಗಾಳಿಗೆ ಕೂತವಳಿಗೆ ಭಾಷೆಯ ಗಾಳಿಯೂ ತಗುಲಿತು, ಮದುವೆಯಾದ ಮೇಲೂ ಅದು ಇಳಿಯಲಿಲ್ಲ.

ಈಗ ಅದರಿಂದ ಒಂದು ನೌಕರಿ ಹುಟ್ಟುವ ಹಾಗಿತ್ತು. ಬೆಳಗಾವಿಯಲ್ಲಿ ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ದು ಸ್ಪೇನಿಗೆ ಕಳಿಸುವ ಕಾರ್ಖಾನೆಯೊಂದಕ್ಕೆ ಅಲ್ಲಿನ ಗಿರಾಕಿಗಳೊಡನೆ ಮಾತಾಡುವವರು ಬೇಕಾಗಿದ್ದರು. ಮನೆಯಲ್ಲೇ ಕೂತು ಫೋನಿನಲ್ಲಿ ಮಾಡುವ ಕೆಲಸ. ಸ್ಪ್ಯಾನಿಶ್ ಮಾತಿನ ಪರೀಕ್ಷೆ ಪಾಸಾದರೆ ನೌಕರಿ ನಿನ್ನದು ಎಂದಿದ್ದರು. ಮಧು ಒಮ್ಮೆ ಪರೀಕ್ಷೆಗೆ ಕೂತು ಫೇಲಾಗಿದ್ದಳು. ಉಳಿದದ್ದೆಲ್ಲ ಚೆನ್ನಾಗಿತ್ತು, ಅಪ್ಪಣೆ ಕೊಡುವ ಭಾಗ ಬಂದಾಗ ಮುಗ್ಗರಿಸಿದ್ದಳು. ಅಭ್ಯರ್ಥಿ ಅಪ್ಪಣೆ ಕೊಡುವುದಿಲ್ಲ, ಕ್ಷಮೆ ಕೇಳುತ್ತಾಳೆ ಎಂದು ಪರೀಕ್ಷಕರು ಬರೆದಿದ್ದರು. ಕಾರ್ಖಾನೆಯವರು ಇನ್ನೊಂದು ಅವಕಾಶ ಕೊಟ್ಟರು. ಈ ಸಲವೂ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸ್ಪಷ್ಟವಾಗಿಯೇ ಹೇಳಿದರು.

ಮಧುಗೆ ನಿಯಮ ಬಾರದೆ ಏನಿಲ್ಲ. ತನ್ನವರಿಗೆ ಉಣ್ಣು ಎನ್ನಬೇಕಾದರೆ ಸ್ಪ್ಯಾನಿಶಿನಲ್ಲಿ ‘ಕೋಮೆ’. ಮರ್ಯಾದೆ ಕೊಡಬೇಕಾದವರಿಗೆ ಉಣ್ಣಿರಿ ಎನ್ನಬೇಕಾದರೆ ‘ಕೋಮಾ’. ಮಾತಾಡು ‘ಆಬ್ಲಾ’, ಮಾತಾಡಿರಿ ‘ಆಬ್ಲೆ’. ತುದಿಯಲ್ಲಿ ಎ ಇದ್ದದ್ದು ಆ ಆಗುತ್ತದೆ, ಆ ಇದ್ದದ್ದು ಎ ಆಗುತ್ತದೆ. ಮೊಂಡು ಹಿಡಿದು ಈ ದಾರಿಗೆ ಬಾರದ ಕೆಲವು ಶಬ್ದಗಳಿದ್ದವು, ಅವೂ ಅವಳಿಗೆ ಬಾಯಿಪಾಠವಾಗಿದ್ದವು. ಆದರೆ ಎದುರಿಗೆ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಹೀಗೆ ಮಾಡು ಎನ್ನಬೇಕು ಎಂದಾಕ್ಷಣ ಅವಳ ದನಿ ಕುಗ್ಗಿ, ತಲೆ ಬಗ್ಗಿ, ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು.

ಧಾರವಾಡದಿಂದ ಫೋನಿನಲ್ಲಿ ಪಾಠ ಹೇಳುತ್ತಿದ್ದ ಗೌತಮ ಸರ್ ಇದನ್ನು ಸರಿಯಾಗಿ ಹಿಡಿದರು. “ನಿಯಮ ಬರ್ತಾವ ನಿಮಗ, ಬಾಯಿ ಬರೂದಿಲ್ಲ” ಎಂದರು. ದಿನಾ ಯಾರಿಗಾದರೂ ಹುಕುಂ ಮಾಡಬೇಕು, ಗೋಡೆಗಲ್ಲ, ಜೀವ ಇರುವವರಿಗೆ ಮಾಡಬೇಕು ಎಂದು ಮನೆಗೆಲಸ ಕೊಟ್ಟರು.

ಮನೆಯಲ್ಲಿ ಹುಕುಂ ಮಾಡಬಹುದಾದ ಜೀವ ಎಂದರೆ ಎಮ್ಮೆ. ಮಧು ಹಿತ್ತಲಿಗೆ ಹೋಗಿ ಅದರ ಎದುರು ನಿಂತಳು. ‘ಬೆನ್’, ಬಾ, ಎಂದಳು. ಎಮ್ಮೆ ಕದಲಲಿಲ್ಲ. ಬಹುಶಃ ಮರ್ಯಾದೆ ಕಡಿಮೆಯಾಯಿತೇನೋ ಎಂದು ‘ಬೆಂಗಾ’, ಬರ್ರಿ, ಎಂದಳು. ಎಮ್ಮೆ ಅದಕ್ಕೂ ಕಿವಿಗೊಡದೆ ಮೇವು ಜಗಿಯಿತು. ಕೊನೆಗೆ ಮಧು ಬಾಲ ಬೀಸಬೇಡಿರಿ, ದಯವಿಟ್ಟು ಬೀಸಬೇಡಿರಿ ಎಂದು ಸ್ಪ್ಯಾನಿಶಿನಲ್ಲಿ ಅಂಗಲಾಚುವ ಮಟ್ಟಕ್ಕೆ ಇಳಿದಳು. ಆಗಲೇ ಬೆನ್ನ ಹಿಂದೆ ಕೆಮ್ಮು ಕೇಳಿಸಿತು.

ಗುರವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಎಮ್ಮೆಗೆ ಏನಾಗಿದೆ ಎಂದು ಕೇಳಲಿಲ್ಲ, ನಿನಗೇನಾಗಿದೆ ಎಂದು ಕೇಳಿದಳು. ಮಧು ಎಲ್ಲವನ್ನೂ ಹೇಳಬೇಕಾಯಿತು: ಪರೀಕ್ಷೆ, ಫೇಲಾದದ್ದು, ಅಪ್ಪಣೆ, ಮರ್ಯಾದೆಗೊಂದು ಮಾತು, ತನ್ನವರಿಗೊಂದು ಮಾತು. ಗುರವ್ವ ಲಕ್ಷ್ಯವಿಟ್ಟು ಕೇಳಿದಳು. ನಾವಾದರೆ ಒಂದು ರಿ ಹಚ್ಚಿ ಮುಗಿಸುತ್ತೇವೆ, ಅವರು ಪಾಪ ಮಾತಿನ ಬಾಲವನ್ನೇ ಬದಲು ಮಾಡುತ್ತಾರಲ್ಲ ಎಂದು ಆ ದೇಶದವರ ಬಗ್ಗೆ ಮರುಗಿದಳು. ಆಮೇಲೆ ಎಮ್ಮೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು.

“ಅದೇನ ಕೇಳತೈತಿ ನಿನ್ನ ಮಾತ? ನನಗ ಹೇಳ, ನಾ ಕೇಳತೇನಿ” ಎಂದಳು.

ಮಧುಗೆ ಓಡಿಹೋಗುವುದಕ್ಕೆ ದಾರಿಯಿರಲಿಲ್ಲ, ಬಾಗಿಲಲ್ಲಿ ಗುರವ್ವನೇ ನಿಂತಿದ್ದಳು. ಕಣ್ಣು ಮುಚ್ಚಿಕೊಂಡು ‘ಸಿಯೆಂತೆಸೆ’ ಎಂದಳು, ಕೂತುಕೊಳ್ಳಿರಿ ಎಂದು. ಅರ್ಥ ಕೇಳಿಕೊಂಡ ಗುರವ್ವ ಗೋದಲಿಯ ಪಕ್ಕದ ಕಟ್ಟೆಯ ಮೇಲೆ ತಟ್ಟನೆ ಕೂತಳು. ಮಧು ಕಣ್ಣು ತೆರೆದಾಗ ಅತ್ತೆ ಕೂತಿದ್ದಾಳೆ, ತಾನು ನಿಂತಿದ್ದಾಳೆ! ಆ ಮನೆಯಲ್ಲಿ ಹೀಗೆ ಎಂದೂ ಆಗಿರಲಿಲ್ಲ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು, ಆಮೇಲೆ ಮೊದಲು ನಕ್ಕದ್ದು ಯಾರೆಂದು ಇಬ್ಬರಿಗೂ ಈಗ ನೆನಪಿಲ್ಲ.

ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ಮಧ್ಯಾಹ್ನದ ಕೆಲಸ ಮುಗಿಯಿತೋ ಇಲ್ಲವೋ, ಗುರವ್ವ ಪಡಸಾಲೆಯ ನಡುವೆ ಬಂದು ಹಾಜರಾಗುತ್ತಿದ್ದಳು. ‘ಲೆವಾಂತೆಸೆ’ ಎಂದರೆ ಏಳುವಳು, ‘ಬೆಂಗಾ’ ಎಂದರೆ ಬರುವಳು, ‘ಎಸ್ಪೆರೆ’ ಎಂದರೆ ಒಂದು ಕಾಲು ಮುಂದಿಟ್ಟವಳು ಹಾಗೇ ನಿಲ್ಲುವಳು. ದನಿ ಸಣ್ಣದಾಯಿತೆಂದರೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಜೋರಾಗಿ ಹೇಳು, ನಾನು ನಿನಗೆ ಹೇಳುವ ಹಾಗೆ ಹೇಳು ಎಂದು ಅಪ್ಪಣೆ ಕೊಡುವುದು ಹೇಗೆಂದು ಅಪ್ಪಣೆ ಮಾಡುತ್ತಿದ್ದಳು. ಮಧುಗೆ ಮೊದಲು ಮೈ ಬೆವರುತ್ತಿತ್ತು, ಆಮೇಲಾಮೇಲೆ ಮೈಯಲ್ಲಿ ಏನೋ ಕುಣಿಯತೊಡಗಿತು. ಖರೆ ಹೇಳಬೇಕೆಂದರೆ ಅವಳಿಗೆ ಹುಕುಂ ರುಚಿ ಹತ್ತಿತ್ತು.

ರಾಮದುರ್ಗಕ್ಕೆ ಬೀಜದ ಚೀಲ ಮುಟ್ಟಿಸಿ, ಸವದತ್ತಿಯಲ್ಲಿ ಚಹಾ ಕುಡಿದು, ಒಂದು ಮಧ್ಯಾಹ್ನ ಮನೆಗೆ ಬಂದ ಶ್ರೀಶೈಲ ಹೊಸ್ತಿಲಲ್ಲೇ ನಿಂತುಬಿಟ್ಟ. ಅವನ ಅವ್ವ, ಅಂಗಡಿಯ ಹಮಾಲರನ್ನು ನಡುಗಿಸಿದ ಅವ್ವ, ಅವನ ಹೆಂಡತಿಯ ಮಾತಿಗೆ ಪಡಸಾಲೆಯಲ್ಲಿ ಎಡಕ್ಕೂ ಬಲಕ್ಕೂ ತಿರುಗುತ್ತಿದ್ದಳು. ಕೈಯಲ್ಲಿ ಚಪ್ಪಲಿ ಹಿಡಿದವನು ಒಳಗೆ ಬರಬೇಕೋ ತಿರುಗಿ ಅಂಗಡಿಗೆ ಹೋಗಬೇಕೋ ತಿಳಿಯದೆ ಒದ್ದಾಡಿದ. ಗುರವ್ವ ಅವನಿಗೂ ಹೇಳು ಎಂದು ಸೊಸೆಯನ್ನು ಹುರಿದುಂಬಿಸಿದಳು. ಆ ದೇಶದಲ್ಲಿ ಗಂಡನಿಗೆ ತನ್ನವರ ಮಾತನ್ನೇ ಬಳಸುತ್ತಾರೆ ಎಂದು ಗೌತಮ ಸರ್ ಹೇಳಿದ್ದರು. ಅಷ್ಟಾದರೂ ಮಧುಗೆ ನಾಲಿಗೆ ಏಳಲಿಲ್ಲ, ಗಂಡನಿಗೆ ರಿ ಇರುವ ಬಗೆಯಲ್ಲೇ ಒಳಗೆ ಬರ್ರಿ ಎಂದಳು. ಗುರವ್ವ ಅದು ಸರಿ ಎಂಬಂತೆ ತಲೆಯಾಡಿಸಿದಳು. ಶ್ರೀಶೈಲ ಒಳಗೆ ಬಂದ, ಚಪ್ಪಲಿ ಮಾತ್ರ ಕೈಯಲ್ಲೇ ಇತ್ತು.

ಊಟದ ಮಾತು ಬಂದದ್ದು ಆಮೇಲೆ. ಪರೀಕ್ಷೆಯಲ್ಲಿ ಅತಿಥಿಯನ್ನು ಉಪಚರಿಸುವ ಸಂದರ್ಭ ಬರಬಹುದು ಎಂದು ಸರ್ ಸೂಚಿಸಿದ್ದರು. ಗುರವ್ವ ಅತಿಥಿಯಾಗಲು ಒಪ್ಪಿ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತಳು. ಮಧು ರೊಟ್ಟಿ ಬಡಿಸಿ, ಬದನೆಕಾಯಿ ಎಣಗಾಯಿ ಬಡಿಸಿ, ಈಗ ನುರಿತಿದ್ದ ದನಿಯಲ್ಲಿ ‘ಕೋಮಾ’ ಎಂದಳು. ಉಣ್ಣಿರಿ ಎಂದು ಅರ್ಥವನ್ನೂ ಹೇಳಿದಳು.

ಗುರವ್ವ ರೊಟ್ಟಿ ಮುರಿದವಳು ಹಾಗೇ ಕೂತಳು. ಆ ಮನೆಯಲ್ಲಿ ಆಕೆ ಉಣ್ಣುವುದು ಎಲ್ಲರದೂ ಆದ ಮೇಲೆ. ಒಲೆಯ ಬದಿಗೆ, ಅರ್ಧ ನಿಂತು ಅರ್ಧ ಕೂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಮುಗಿಸುತ್ತಿದ್ದಳು. ಮಧು ಎಷ್ಟು ಸಲ ಜೊತೆಗೆ ಬಡಿಸಲು ಹೋದರೂ ನೀನು ಮೊದಲು ಉಣ್ಣು ಎಂದು ಗದರಿಸಿ ಕಳಿಸುವವಳು. ಇಂಥವಳು ಈಗ ಬಿಸಿ ರೊಟ್ಟಿಯ ಮುಂದೆ ಕೂತು ಗೋಡೆ ನೋಡತೊಡಗಿದಳು.

“ರಾಮದುರ್ಗದಾಗ ನಮ್ಮವ್ವ ಅಂತಿದ್ಲು, ಉಣ್ಣ ಅಂತ. ಈ ಮನಿಗೆ ಬಂದ ಮ್ಯಾಲೆ ನನಗ ಯಾರೂ ಅಂದಿಲ್ಲ ನೋಡ” ಎಂದಳು ಗುರವ್ವ.

ಮಧು ಇನ್ನೊಂದು ಸಲ ‘ಕೋಮಾ’ ಎಂದಳು. ಗುರವ್ವ ತಕ್ಷಣ ಮೊದಲಿನ ಗುರವ್ವನಾಗಿ, ಎಣಗಾಯಿಗೆ ಉಪ್ಪು ಕಡಿಮೆ ಎಂದು ಬೈದು, ಬೈಯುತ್ತಲೇ ಅದನ್ನು ಪೂರ್ತಿ ಉಂಡಳು.

ಆಮೇಲೆ ಗುರವ್ವ ಅತಿಥಿ ಹೇಳುವ ಮಾತನ್ನೂ ಕಲಿತಳು. ಸಾಕು, ಬೇಡ ಎನ್ನಲು ‘ನೋ ಗ್ರಾಸಿಯಾಸ್’. ಇದು ಗುರವ್ವನಿಗೆ ಎಷ್ಟು ಹಿಡಿಸಿತೆಂದರೆ ಹಾಲಿನವನಿಗೂ, ಚಂದಾ ಕೇಳಲು ಬಂದವರಿಗೂ ಅದನ್ನೇ ಹೇಳಿ ಕಳಿಸಿದಳು. ಆದರೆ ಗೌತಮ ಸರ್ ಹೇಳಿದ ಒಂದು ಸಂಗತಿ ಆಕೆಗೆ ಜೀರ್ಣವಾಗಲಿಲ್ಲ. ಆ ದೇಶದಲ್ಲಿ ಅತಿಥಿ ಒಮ್ಮೆ ಬೇಡ ಎಂದರೆ ಬೇಡ ಎಂದೇ ಅರ್ಥವಂತೆ, ಮತ್ತೆ ಒತ್ತಾಯ ಮಾಡಬಾರದಂತೆ. ಬೇಡ ಎನ್ನದೆ ಯಾವ ಮಾನವಂತ ಉಣ್ಣುತ್ತಾನೆ, ಮೊದಲಿನ ಬೇಡಗಳು ಮರ್ಯಾದೆಯ ಬೇಡಗಳಲ್ಲವೇ, ಅದನ್ನು ನಿಜ ಎಂದು ತಿಳಿದರೆ ಬಂದವರು ಹಸಿದು ಹೋಗುವುದಿಲ್ಲವೇ ಎಂದು ಗುರವ್ವ ಸರ್ ಜೊತೆ ಫೋನಿನಲ್ಲೇ ವಾದಕ್ಕಿಳಿದಳು. ಸರ್ ಸೋತರು, ಆದರೂ ಪರೀಕ್ಷೆಯಲ್ಲಿ ಮಾತ್ರ ಅವರ ರೀತಿಯಲ್ಲೇ ನಡೆದುಕೊಳ್ಳಿರಿ ಎಂದು ಮಧುಗೆ ಗುಟ್ಟಾಗಿ ಹೇಳಿದರು.

ಪರೀಕ್ಷೆಯ ದಿನ ಬಂತು. ಮನೆಯ ಕೋಣೆಯಲ್ಲೇ ಕೂತು ವಿಡಿಯೋದಲ್ಲಿ ಕೊಡುವ ಪರೀಕ್ಷೆ ಅದು. ಗುರವ್ವ ನಸುಕಿನಲ್ಲೇ ಎದ್ದು ಅಡುಗೆಮನೆಯನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿದ್ದಳು. ಸೊಸೆ ಪಾಸಾಗುವುದು ಖಾತ್ರಿ ಎಂದು ಗೋಧಿ ಹಿಟ್ಟು, ಬೆಲ್ಲ, ಗಸಗಸೆ ಹಾಕಿ ಮಾದಲಿ ಮಾಡಿಟ್ಟಿದ್ದಳು. ಪರೀಕ್ಷೆ ಮುಗಿಯುವವರೆಗೆ ತಾನೂ ಒಂದು ತುತ್ತು ಮುಟ್ಟುವುದಿಲ್ಲ ಎಂದು ಕೂತಳು. ಕೋಣೆಯಲ್ಲಿ ಮಧು ಒಬ್ಬಳೇ ಇರಬೇಕು, ಬೇರೆ ಯಾರಾದರೂ ಇದ್ದರೆ ಪರೀಕ್ಷೆ ರದ್ದಾಗುತ್ತದೆ ಎಂಬುದು ನಿಯಮ. ಹಾಗಾಗಿ ಗುರವ್ವ ಬಾಗಿಲ ಹೊರಗೆ ಕಾವಲು ಕೂತಳು. ಓಣಿಯಲ್ಲಿ ಹಾರ್ನ್ ಹಾಕಿದ ಟಂಟಂ ಗಾಡಿಯವನಿಗೆ ಆಕೆ ಕೈ ಮಾಡಿ ತೋರಿಸಿದ್ದೇನೋ ಗೊತ್ತಿಲ್ಲ, ಅವನು ಇಳಿದು ಗಾಡಿ ತಳ್ಳಿಕೊಂಡು ಹೋದ.

ಪರದೆಯ ಮೇಲೆ ಪರೀಕ್ಷಕಿ ಕಾಣಿಸಿಕೊಂಡಳು. ಸ್ಪೇನಿನ ಯಾವುದೋ ಊರಿನಲ್ಲಿ ಕೂತ, ಬಿಳಿಗೂದಲ, ಬಿಗಿದ ತುಟಿಯ ಹೆಂಗಸು. ಅಲ್ಲಿ ಇನ್ನೂ ಬೆಳಗಿನ ಹೊತ್ತು. ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಆಮೇಲೆ ಆಕೆ ಸಂದರ್ಭ ಹೇಳಿದಳು: ನಾನು ನಿಮಗೆ ಪರಿಚಯವಿಲ್ಲದ ಅತಿಥಿ, ಮಧ್ಯಾಹ್ನ ನಿಮ್ಮ ಮನೆಗೆ ಬಂದಿದ್ದೇನೆ, ನನ್ನನ್ನು ಉಪಚರಿಸಿರಿ. ಮಧುಗೆ ಒಳಗೊಳಗೇ ಹಿಗ್ಗಾಯಿತು. ಬೆನ್ನು ನೆಟ್ಟಗೆ ಮಾಡಿ ಒಳಗೆ ಬನ್ನಿರಿ ಎಂದಳು, ಕೂತುಕೊಳ್ಳಿರಿ ಎಂದಳು, ಉಣ್ಣಿರಿ ಎಂದಳು.

“ನೋ, ಗ್ರಾಸಿಯಾಸ್” ಎಂದಳು ಪರೀಕ್ಷಕಿ.

ಸರ್ ಹೇಳಿದ್ದು ಮಧುಗೆ ನೆನಪಾಯಿತು. ಅವರ ಬೇಡ ಅಂದರೆ ಬೇಡ. ಆಗಲಿ ಎಂದು ಸುಮ್ಮನಾದಳು. ಸುಮ್ಮನಾದ ಮೇಲೆ ಮುಂದೇನು ಹೇಳಬೇಕೆಂದು ಹೊಳೆಯಲಿಲ್ಲ. ಪರೀಕ್ಷಕಿ ಕಾದಳು. ಹಿಂದಿನ ಸಲದ ಹಾಗೆಯೇ ಮಧುವಿನ ಕೈ ಸೆರಗಿಗೆ ಹೋಯಿತು, ಪರೀಕ್ಷಕಿಯ ಕೈ ಪೆನ್ನಿನ ಕಡೆಗೆ ಹೋಯಿತು.

ಇತ್ತ ಬಾಗಿಲ ಹೊರಗೆ ಗುರವ್ವನ ಕಿವಿಗೆ ಅತಿಥಿಯ ಬೇಡ ಬಿದ್ದಿತ್ತು, ಅದರ ಹಿಂದೆ ಸೊಸೆಯ ಮೌನವೂ ಬಿದ್ದಿತ್ತು. ತನ್ನ ಮನೆಗೆ ಬಂದವರೊಬ್ಬರು ಮೊದಲ ಬೇಡಕ್ಕೇ ಖಾಲಿ ಹೊಟ್ಟೆಯಲ್ಲಿ ಎದ್ದು ಹೋಗುತ್ತಿದ್ದಾರೆ! ಪರೀಕ್ಷೆ, ನಿಯಮ, ಕಾವಲು ಎಲ್ಲವೂ ಆಕೆಯ ತಲೆಯಿಂದ ಹಾರಿಹೋದವು. ಬಾಗಿಲು ಧಡಕ್ಕನೆ ತೆರೆಯಿತು. ತುಪ್ಪ ಸುರಿದ ಮಾದಲಿಯ ತಾಟು ಹಿಡಿದು ಗುರವ್ವ ಪರದೆಯ ಎದುರಿಗೇ ಬಂದು ನಿಂತಳು.

“ಕೋಮಾ” ಎಂದಳು ಸ್ಪೇನಿನ ಹೆಂಗಸಿಗೆ. ಆಕೆ ಬಾಯಿ ತೆರೆಯುವ ಮೊದಲೇ “ನೋ ಗ್ರಾಸಿಯಾಸ್ ಅನಬ್ಯಾಡ್ರಿ, ಕೋಮಾ” ಎಂದು ಸೇರಿಸಿದಳು.

ಪರೀಕ್ಷಕಿಯ ಮುಖ ಗಂಟಿಕ್ಕಿತು. ಕೋಣೆಯಲ್ಲಿ ಬೇರೆಯವರು ಇರುವಂತಿಲ್ಲ, ಆಕೆಯನ್ನು ಈಗಲೇ ಹೊರಗೆ ಕಳಿಸದಿದ್ದರೆ ಪರೀಕ್ಷೆ ಇಲ್ಲಿಗೇ ಮುಗಿಯುತ್ತದೆ ಎಂದಳು. ಮಧುಗೆ ನೌಕರಿ ಬಾಗಿಲು ದಾಟಿ ಹೋಗುತ್ತಿರುವುದು ಕಾಣಿಸಿತು. ಹೊರಗೆ ಹೋಗಿರಿ ಎನ್ನಲು ಶಬ್ದ ಬೇಕಿತ್ತು, ಅದು ನಾಲಿಗೆಯ ತುದಿಗೇ ಬಂದಿತ್ತು: ‘ಸಾಲ್ಗಾ’. ಅದನ್ನು ಹೇಳಲೆಂದೇ ಅತ್ತೆಯ ಕಡೆ ತಿರುಗಿದಳು.

ಗುರವ್ವನ ಮುಖ ಬಿಳಿಚಿಕೊಂಡಿತ್ತು. ಏನೋ ಎಡವಟ್ಟಾಯಿತು ಎಂದು ಆಕೆಗೂ ತಿಳಿದಿತ್ತು. ನಸುಕಿನಿಂದ ಏನೂ ತಿನ್ನದವಳು ತಾಟನ್ನು ಇನ್ನೂ ಅತಿಥಿಯ ಕಡೆಗೇ ಚಾಚಿ ಹಿಡಿದಿದ್ದಳು. ಆ ಕೈಯನ್ನು ನೋಡಿದ್ದೇ ಮಧುಗೆ ಅಂಜಿಕೆ ಎಲ್ಲಿ ಹೋಯಿತೋ ಹೋಯಿತು. ನೌಕರಿ ಹೋದರೆ ಹೋಗಲಿ, ತಾಟು ಹಿಡಿದು ನಿಂತ ಹಸಿದವಳಿಗೆ ಹೊರಗೆ ಹೋಗು ಎನ್ನಲು ತನ್ನಿಂದ ಆಗುವುದಿಲ್ಲ ಎಂದು ಅವಳಿಗೆ ಖಚಿತವಾಯಿತು.

‘ಸಿಯೆಂತಾತೆ’ ಎಂದಳು ಗುರವ್ವನಿಗೆ, ತನ್ನ ಅವ್ವನಿಗೆ ಕೂತ್ಕೋ ಎನ್ನುವ ಹಾಗೆ. ಗುರವ್ವ ಬಾಯಿ ಮುಚ್ಚಿ ಕುರ್ಚಿಯಲ್ಲಿ ಕೂತಳು. ಮಧು ಪರದೆಯ ಕಡೆ ತಿರುಗಿ, ಇವರು ನನಗೆ ಏನನ್ನೂ ಹೇಳಿಕೊಡುತ್ತಿಲ್ಲ, ಇವರೂ ನನ್ನ ಅತಿಥಿಯೇ, ಇವರೂ ಉಂಡಿಲ್ಲ, ನನ್ನ ಮನೆಯಲ್ಲಿ ಒಬ್ಬರನ್ನು ಹೊರಗೆ ಹಾಕಿ ಇನ್ನೊಬ್ಬರಿಗೆ ಬಡಿಸುವುದಿಲ್ಲ ಎಂದಳು. ಅದೆಲ್ಲ ಸ್ಪ್ಯಾನಿಶಿನಲ್ಲೇ ಬಂತು, ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಪರೀಕ್ಷಕಿ ಏನೋ ಹೇಳಹೊರಟಳು. ಮಧು ‘ಎಸ್ಪೆರೆ’ ಎಂದಳು, ತಡೆಯಿರಿ. ಆಕೆ ತಡೆದಳು.

ಆಮೇಲೆ ಅಲ್ಲಿ ನಡೆದದ್ದನ್ನು ಪರೀಕ್ಷೆ ಎನ್ನಬೇಕೋ ಪಂಕ್ತಿ ಎನ್ನಬೇಕೋ. ಬೇಡ ಎನ್ನಬೇಡಿರಿ, ನಿಮ್ಮ ತಿಂಡಿ ತನ್ನಿರಿ, ಇಲ್ಲಿ ನನ್ನ ಎದುರಿಗೆ ಇಟ್ಟುಕೊಳ್ಳಿರಿ ಎಂದು ಸ್ಪೇನಿಗೆ ಅಪ್ಪಣೆ ಹೋಯಿತು. ಉಣ್ಣು, ನನ್ನ ಮುಖ ನೋಡಬೇಡ, ತುಪ್ಪ ಕಲಸಿಕೋ ಎಂದು ಗುರವ್ವನಿಗೆ ಅಪ್ಪಣೆ ಆಯಿತು. ಇತ್ತ ಒಂದು ಮಾತು, ಅತ್ತ ಒಂದು ಮಾತು, ಅವರಿಗೆ ಮರ್ಯಾದೆಯದು, ಇವಳಿಗೆ ತನ್ನವರದು, ಒಂದೂ ಅದಲು ಬದಲಾಗಲಿಲ್ಲ. ಗುರವ್ವ ಗಾಬರಿಯಲ್ಲಿ ದೊಡ್ಡ ದೊಡ್ಡ ತುತ್ತು ಉಣ್ಣತೊಡಗಿದಳು. ಪರೀಕ್ಷಕಿ ಎದ್ದು ಹೋದಳು.

ಖಾಲಿ ಕುರ್ಚಿಯನ್ನು ನೋಡುತ್ತ ಮಧು ಎಲ್ಲ ಮುಗಿಯಿತು ಎಂದುಕೊಂಡಳು. ಅಷ್ಟರಲ್ಲಿ ಪರೀಕ್ಷಕಿ ತಿರುಗಿ ಬಂದಳು, ಕೈಯಲ್ಲಿ ಅರ್ಧ ತಿಂದ ಬ್ರೆಡ್ಡಿನ ತಾಟು ಮತ್ತು ಕಾಫಿ. ಹೇಳಿದ ಜಾಗದಲ್ಲೇ ಇಟ್ಟುಕೊಂಡು ಕೂತಳು. ಬಿಗಿದ ತುಟಿ ಒಮ್ಮೆ ಅದುರಿತು, ಆಮೇಲೆ ಆಕೆ ತಡೆಯಲಾರದೆ ನಕ್ಕಳು, ಮಾದಲಿ ಗಂಟಲಿಗೆ ಸಿಕ್ಕಿದ ಗುರವ್ವನೂ ನಕ್ಕಳು. ಮೂವರೂ ಕಣ್ಣೊರೆಸಿಕೊಂಡರು. ಸಮಯ ಮೀರಿ ಎಷ್ಟೋ ಹೊತ್ತಾಗಿತ್ತು.

ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ಯಾರಿಗೂ ಹುಕುಂ ಮಾಡಲಿಲ್ಲ. ಗುರವ್ವನಂತೂ ಮೆತ್ತಗಾಗಿ ಮಂಕಾಗಿ ತಿರುಗುತ್ತಿದ್ದಳು. ನನ್ನ ಬಾಯಿ ಸುಡಲಿ, ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿದೆ ಎಂದು ಎಮ್ಮೆಯ ಮುಂದೆ ಹೇಳಿಕೊಂಡದ್ದನ್ನು ಮಧು ಮರೆಯಲ್ಲಿ ನಿಂತು ಕೇಳಿಸಿಕೊಂಡಳು. ಕೊನೆಗೆ, ಫಲಿತಾಂಶ ತರಿಸಿಕೊಂಡಿದ್ದ ಗೌತಮ ಸರ್ ಅವರ ಫೋನ್ ಬಂತು. ಅವರಿಗೆ ನಗು ತಡೆದು ಮಾತಾಡುವುದೇ ಕಷ್ಟವಾಗಿತ್ತು. ಮಧು ಪಾಸಾಗಿದ್ದಳು. ಕೋಣೆಯಲ್ಲಿ ಇನ್ನೊಬ್ಬರಿದ್ದದ್ದು ನಿಜ, ಆದರೆ ಅವರು ಅಭ್ಯರ್ಥಿಗೆ ನೆರವಾಗಲಿಲ್ಲ, ಅಪ್ಪಣೆ ಪಾಲಿಸಿದರು, ನಾನೂ ಪಾಲಿಸಿದೆ ಎಂದು ಪರೀಕ್ಷಕಿ ಬರೆದಿದ್ದಳಂತೆ. ಸುದ್ದಿ ಕೇಳಿದ ಗುರವ್ವ ಎರಡೂ ಕೈಯಿಂದ ಸೊಸೆಯ ನೆಟಿಕೆ ತೆಗೆದಳು. ಸಂಜೆಯೊಳಗೆ ತಾನು ಪಾಸಾದೆ ಎಂದು ಓಣಿಯ ತುಂಬ ಹೇಳಿಕೊಂಡು ಬಂದಳು.

ಈಗ ಮಧುಗೆ ಮಧ್ಯಾಹ್ನದ ಮೇಲೆ ಕೆಲಸ ಶುರುವಾಗುತ್ತದೆ. ಅದಕ್ಕೂ ಮುಂಚೆ ಅಡುಗೆಮನೆಯಲ್ಲಿ ಒಂದು ಕಾರ್ಯಕ್ರಮವಿದೆ. ಶ್ರೀಶೈಲ ಇನ್ನೂ ಅಂಗಡಿಯಿಂದ ಬಂದಿರುವುದಿಲ್ಲ, ಯಾರದೂ ಊಟ ಆಗಿರುವುದಿಲ್ಲ. ಗುರವ್ವ ಕೈಕಾಲು ತೊಳೆದು ಬಂದು ಮಣೆಯ ಮೇಲೆ ಎಲ್ಲರಿಗಿಂತ ಮೊದಲು ಕೂರುತ್ತಾಳೆ. ಬಿಸಿ ರೊಟ್ಟಿ ತಾಟಿಗೆ ಬೀಳುತ್ತದೆ. ಆಕೆ ಅದನ್ನು ಮುಟ್ಟುವುದಿಲ್ಲ, ಸೊಸೆಯ ಮುಖವನ್ನೇ ನೋಡುತ್ತಾಳೆ.

“ಕೋಮೆ” ಎನ್ನುತ್ತಾಳೆ ಮಧು, ತನ್ನವರ ಮಾತಿನಲ್ಲಿ.

“ನೋ ಗ್ರಾಸಿಯಾಸ್” ಎನ್ನುತ್ತಾಳೆ ಗುರವ್ವ, ಇನ್ನೊಮ್ಮೆ ಹೇಳಿಸಿಕೊಳ್ಳಲು.